ನಶೆ ಬಿಡುವ ದಾರಿಯಲ್ಲಿರುವ ಅಪ್ಪಂದಿರಿಗೆ: ಮಗುವಿನ ಜೊತೆ ಇವತ್ತಿಂದಲೇ ಶುರು ಮಾಡುವುದು ಹೇಗೆ?

"ಪೂರ್ತಿ ಬಿಟ್ಟ ಮೇಲೆ ಮಗನ ಹತ್ತಿರ ಹೋಗ್ತೀನಿ. ಅಲ್ಲೀವರೆಗೂ ಯಾವ ಮುಖ ಇಟ್ಕೊಂಡು ಹೋಗಲಿ?"

ಚಿಕಿತ್ಸೆಗೆ ಬರುವವರ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಈ ಪ್ರಶ್ನೆ ಕೇಳಿಸದ ವಾರವೇ ಇಲ್ಲ. ಕೇಳುವವರಲ್ಲಿ ಆಟೋ ಓಡಿಸುವವರಿದ್ದಾರೆ, ಕಾಲೇಜು ಬಿಟ್ಟು ಎರಡು ವರ್ಷ ಆಗಿರುವ ಹುಡುಗರಿದ್ದಾರೆ, ಐಟಿ ಕಂಪನಿಯಲ್ಲಿ ಒಳ್ಳೇ ಸಂಬಳ ತೆಗೆದುಕೊಳ್ಳುವವರೂ ಇದ್ದಾರೆ. ಒಬ್ಬರದು ಗಾಂಜಾ, ಇನ್ನೊಬ್ಬರದು ಬ್ರೌನ್ ಶುಗರ್ ಅನ್ನುವ ಕಚ್ಚಾ ಹೆರಾಯಿನ್, ಮತ್ತೊಬ್ಬರದು ಎಂಡಿಎಂಎ ಅನ್ನುವ ರಾಸಾಯನಿಕ ಮಾದಕ ಅಥವಾ ಟಪೆಂಟಡಾಲ್‌ನಂಥ ನೋವಿನ ಮಾತ್ರೆ. ಪ್ರಶ್ನೆ ಮಾತ್ರ ಎಲ್ಲರದೂ ಒಂದೇ.

ದಯವಿಟ್ಟು ಕಾಯಬೇಡಿ. ನಶೆ ಬಿಡುವುದಕ್ಕೆ ತಿಂಗಳುಗಳು ಬೇಕು, ಎಷ್ಟೋ ಜನಕ್ಕೆ ವರ್ಷಗಳೇ ಬೇಕು. ನಡುವೆ ಒಂದೆರಡು ಸಲ ಜಾರುವುದೂ ಉಂಟು. ಅಷ್ಟು ಹೊತ್ತಿಗೆ ಇವತ್ತು ತೊದಲು ಮಾತಾಡುವ ಮಗು ಬ್ಯಾಗ್ ಹಾಕಿಕೊಂಡು ಸ್ಕೂಲಿಗೆ ಹೊರಟಿರುತ್ತದೆ. ಹಾಗಂತ ಅಮಲಿನಲ್ಲಿ ಮಗುವನ್ನು ಎತ್ತಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಚಿಕಿತ್ಸೆಯನ್ನೂ ಅಪ್ಪನ ಕೆಲಸವನ್ನೂ ಜೊತೆಜೊತೆಗೆ, ಸಣ್ಣ ಸಣ್ಣದಾಗಿ, ಮಗುವಿಗೆ ಅಪಾಯ ಆಗದ ಹಾಗೆ ಮಾಡಬಹುದು. ಅದು ಹೇಗೆ ಅಂತ ಒಂದೊಂದೇ ಹಂತವಾಗಿ ಹೇಳುತ್ತೇನೆ.

ದೆಹಲಿಯ ಏಮ್ಸ್ ದೇಶದಾದ್ಯಂತ ನಡೆಸಿದ ಸಮೀಕ್ಷೆಯೊಂದನ್ನು ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿತು. ಅದರ ಲೆಕ್ಕದಲ್ಲಿ ಸುಮಾರು 3.1 ಕೋಟಿ ಜನ ಗಾಂಜಾ, ಭಂಗಿಯಂಥದ್ದನ್ನು ಬಳಸುತ್ತಾರೆ. ಅಫೀಮು, ಹೆರಾಯಿನ್ ಮತ್ತು ಅದೇ ಜಾತಿಯ ನೋವಿನ ಮಾತ್ರೆ ಬಳಸುವವರು ಸುಮಾರು 2.26 ಕೋಟಿ. ಇವರಲ್ಲಿ ಬಹಳಷ್ಟು ಜನ ಗಂಡಸರು. ಇದು ನಮ್ಮೊಬ್ಬರ ಮನೆಯ ಕಥೆ ಅಂದುಕೊಂಡು ಬಾಗಿಲು ಹಾಕಿಕೊಂಡು ಕೂರುವವರಿಗಾಗಿ ಈ ಲೆಕ್ಕ ಹೇಳಿದೆ.

ಶುರು ಮಾಡುವ ಮುಂಚೆ ಬೇಕಾಗುವುದು

ಹೆಚ್ಚೇನೂ ಬೇಡ. ನಿಮಗೆ ಆಗದಿದ್ದಾಗ ಮಗುವನ್ನು ನೋಡಿಕೊಳ್ಳಲು ಒಪ್ಪಿರುವ ಒಬ್ಬ ದೊಡ್ಡವರು ಬೇಕು. ಹೆಂಡತಿ, ಅಮ್ಮ, ಅತ್ತಿಗೆ, ಪಕ್ಕದ ಮನೆಯವರು, ಯಾರಾದರೂ ಸರಿ. ಬೀಗ ಹಾಕುವ ಒಂದು ಟ್ರಂಕು ಅಥವಾ ಡಬ್ಬಿ ಬೇಕು. ಒಂದು ನೂರು ಪುಟದ ನೋಟ್‌ಬುಕ್ ಬೇಕು. ಮತ್ತೆ ದಿನಕ್ಕೆ 20 ನಿಮಿಷ.

ಹಂತ 1: ಇವತ್ತು ರಾತ್ರಿಯೇ ಮನೆಯನ್ನು ಮಗುವಿಗೆ ಸುರಕ್ಷಿತ ಮಾಡಿ

ನೀವು ಇನ್ನೂ ಬಿಟ್ಟಿಲ್ಲದಿದ್ದರೂ ಈ ಹಂತವನ್ನು ಇವತ್ತೇ ಮಾಡಬಹುದು. ಇದಕ್ಕೆ ಯಾವ ಡಾಕ್ಟರೂ ಬೇಕಿಲ್ಲ.

ಮನೆಯಲ್ಲಿರುವ ಮಾಲು, ಮಾತ್ರೆ, ಸಿರಿಂಜು, ಫಾಯಿಲ್ ಎಲ್ಲವನ್ನೂ ಹೊರಗೆ ಹಾಕಿ. ಹೊರಗೆ ಹಾಕುವುದು ಅಂದರೆ ಬಾತ್‌ರೂಮಿನ ಸಜ್ಜೆ ಮೇಲೆ ಇಡುವುದು ಅಂತಲ್ಲ. ನಡೆಯಲು ಕಲಿತ ಮಗು ಸ್ಟೂಲ್ ಎಳೆದುಕೊಂಡು ಹತ್ತುತ್ತದೆ, ಪ್ಯಾಂಟಿನ ಜೇಬಿಗೂ ಕೈ ಹಾಕುತ್ತದೆ. ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ಆಸ್ಪತ್ರೆಗೆ ಕೊಡಿ. ಕಸದ ಬುಟ್ಟಿಗೆ ಎಸೆದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

ಆಮೇಲೆ ಈ ನಾಲ್ಕು ನಿಯಮಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ. ಆ ದೊಡ್ಡವರಿಗೂ ಓದಿ ಹೇಳಿ.

ಅಮಲಿನಲ್ಲಿದ್ದರೆ ಮಗುವಿನ ಜೊತೆ ಒಬ್ಬನೇ ಇರುವುದಿಲ್ಲ.
ಅಮಲಿನಲ್ಲಿದ್ದರೆ ಮಗುವನ್ನು ಬೈಕಿನಲ್ಲಿ ಕೂರಿಸುವುದಿಲ್ಲ.
ಅಮಲಿನಲ್ಲಿದ್ದರೆ, ನಿದ್ರೆ ಮಾತ್ರೆ ತೆಗೆದುಕೊಂಡಿದ್ದರೆ, ಹಸುಗೂಸಿನ ಪಕ್ಕ ಮಲಗುವುದಿಲ್ಲ.
ಮಾಲು ತರಲು, ಕೊಡಲು ಮಗುವನ್ನು ಎಂದೂ ಕಳಿಸುವುದಿಲ್ಲ.

ಮೂರನೆಯದನ್ನು ತುಂಬಾ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಎಲ್ಲರೂ ಒಂದೇ ಹಾಸಿಗೆಯಲ್ಲಿ ಮಲಗುವುದು ರೂಢಿ. ಮಂಪರಿನಲ್ಲಿರುವ ದೊಡ್ಡವರ ಕೈಯೋ ಮೈಯೋ ಕೂಸಿನ ಮೇಲೆ ಬಿದ್ದರೆ ಅವರಿಗೆ ಎಚ್ಚರ ಆಗುವುದಿಲ್ಲ. ಕೂಸಿಗೆ ಉಸಿರು ಕಟ್ಟುತ್ತದೆ. ಅಂಥ ರಾತ್ರಿ ನಿಮ್ಮ ಚಾಪೆ ಬೇರೆ ಕೋಣೆಯಲ್ಲಿರಲಿ. ಕೋಣೆ ಒಂದೇ ಇದ್ದರೆ ಕೂಸು ತೊಟ್ಟಿಲಲ್ಲಿರಲಿ.

ನಾಲ್ಕನೆಯದು ಕಾನೂನಿನ ವಿಷಯವೂ ಹೌದು. ಮಾದಕ ವಸ್ತುವನ್ನು ಮಗುವಿನ ಕೈಯಲ್ಲಿ ಸಾಗಿಸಿದರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು ಇದೆ. ಒಂದು ಲಕ್ಷ ರೂಪಾಯಿವರೆಗೆ ದಂಡವೂ ಇದೆ. "ಅಂಗಡಿ ಅಂಕಲ್ ಹತ್ರ ಒಂದು ಪ್ಯಾಕೆಟ್ ಇಸ್ಕೊಂಡು ಬಾ" ಅನ್ನುವುದೂ ಇದರಲ್ಲೇ ಬರುತ್ತದೆ.

ಹಂತ 2: ಡಾಕ್ಟರ್ ಹತ್ತಿರ ಹೋಗಿ. ಕೋಣೆ ಬಾಗಿಲು ಹಾಕಿಕೊಂಡು ಬಿಡಲು ಹೋಗಬೇಡಿ

ಮಗು ಹುಟ್ಟಿದ ಖುಷಿಯಲ್ಲೋ ಅದರ ಹುಟ್ಟುಹಬ್ಬದ ದಿನವೋ "ಇವತ್ತಿಂದ ಮುಟ್ಟಲ್ಲ" ಅಂತ ಮನೆಯಲ್ಲೇ ನಿಲ್ಲಿಸುವವರು ಬಹಳ. ಆಸೆ ಒಳ್ಳೆಯದೇ. ಆದರೆ ನಿಲ್ಲಿಸಿದ ಮೇಲೆ ಮೈ ತಿರುಗಿ ಬೀಳುತ್ತದೆ. ಇದನ್ನು ಡಾಕ್ಟರುಗಳು ವಿತ್‌ಡ್ರಾವಲ್ ಅನ್ನುತ್ತಾರೆ. ಅಂದರೆ ಅಭ್ಯಾಸವಾಗಿದ್ದ ವಸ್ತು ಸಿಗದೆ ದೇಹ ಒದ್ದಾಡುವುದು.

ಬ್ರೌನ್ ಶುಗರ್ ಬಿಟ್ಟ 6ರಿಂದ 12 ಗಂಟೆಯಲ್ಲಿ ಮೂಗು ಸೋರುವುದು, ಮೈಕೈ ನೋವು, ವಾಂತಿ, ಭೇದಿ ಶುರುವಾಗುತ್ತದೆ. ಎರಡು, ಮೂರನೇ ದಿನ ಅತಿ ಜಾಸ್ತಿ. ಒಂದು ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ಗಾಂಜಾ ಬಿಟ್ಟರೆ ಮೈಗಿಂತ ಮನಸ್ಸಿಗೆ ಕಾಟ ಹೆಚ್ಚು. ನಿದ್ರೆ ಬರುವುದಿಲ್ಲ, ಮೂಗಿನ ತುದಿಯಲ್ಲೇ ಸಿಟ್ಟು. ಎರಡು ವಾರದವರೆಗೂ ಹೀಗಿರಬಹುದು. ನಿದ್ರೆ ಮಾತ್ರೆ ಮತ್ತು ಕುಡಿತ ಎರಡನ್ನು ಮಾತ್ರ ಡಾಕ್ಟರ್ ಇಲ್ಲದೆ ಒಮ್ಮೆಲೇ ನಿಲ್ಲಿಸಲೇಬಾರದು. ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು.

ಆ ಹತ್ತು ದಿನದ ಸಿಟ್ಟು ಯಾರ ಮೇಲೆ ಇಳಿಯುತ್ತದೆ? ಮನೆಯಲ್ಲಿರುವ ಮಗುವಿನ ಮೇಲೆ. ಅದರ ಪಾಲಿಗೆ "ಅಪ್ಪ ಒಳ್ಳೆಯವನಾಗಲು ಹೊರಟ ವಾರ" ಅತಿ ಕೆಟ್ಟ ವಾರ ಆಗಿಬಿಡುತ್ತದೆ. ಅದಕ್ಕೇ ಆಸ್ಪತ್ರೆಗೆ ಹೋಗಿ ಅನ್ನುವುದು.

ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೂ ಹೋಗಬಹುದು. ಯಾರನ್ನು ಕೇಳಬೇಕು ಅಂತ ಗೊತ್ತಾಗದಿದ್ದರೆ ನಶೆ ಬಿಡುವವರಿಗಾಗಿಯೇ ಇರುವ ಉಚಿತ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್ 14416 ಇದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಅಫೀಮು ಜಾತಿಯ ನಶೆಗೆ ಬುಪ್ರೆನಾರ್ಫಿನ್ ಅನ್ನುವ, ನಾಲಿಗೆ ಕೆಳಗೆ ಇಡುವ ಮಾತ್ರೆ ಕೊಡುವುದುಂಟು. "ಒಂದು ನಶೆ ಬಿಡಿಸಿ ಇನ್ನೊಂದು ಹಿಡಿಸ್ತಾರೆ" ಅಂತ ಮನೆಯವರು ಇದನ್ನು ಬೈಯುತ್ತಾರೆ. ಹಾಗೆ ಬೈದು ಮಾತ್ರೆ ನಿಲ್ಲಿಸಿದ ಮನೆಗಳಲ್ಲಿ ಏನಾಯಿತು ಅಂತ ನೋಡಿದ್ದೇನೆ. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಮೈ ಸ್ಥಿಮಿತಕ್ಕೆ ಬರುತ್ತದೆ, ಕೆಲಸಕ್ಕೆ ಹೋಗಬಹುದು, ಸಂಜೆ ಮಗುವಿನ ಹೋಂವರ್ಕ್ ನೋಡಬಹುದು. ಒಂದು ಎಚ್ಚರ ಮಾತ್ರ ಬೇಕೇ ಬೇಕು. ಇದೇ ಮಾತ್ರೆ ಚಿಕ್ಕ ಮಗುವಿನ ಬಾಯಿಗೆ ಹೋದರೆ, ಒಂದೇ ಒಂದು ಆದರೂ, ಉಸಿರಾಟ ನಿಲ್ಲಬಹುದು. ಬೀಗದ ಡಬ್ಬಿ ತರಲು ಹೇಳಿದ್ದು ಇದಕ್ಕೇ. ಬೀಗದ ಕೈ ದೊಡ್ಡವರ ಹತ್ತಿರ ಇರಲಿ.

ಆಸ್ಪತ್ರೆಯಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ. ಸೂಜಿ ಹಂಚಿಕೊಂಡವರಂತೂ ಬಿಡಲೇಬೇಡಿ. ಹೆಪಟೈಟಿಸ್ ಸಿಗೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆ ಸಾಕು. ಸರ್ಕಾರದ ಕಾರ್ಯಕ್ರಮದಲ್ಲಿ ಅದು ಉಚಿತವಾಗಿ ಸಿಗುತ್ತದೆ. "ಮಗುವನ್ನು ಮುದ್ದಾಡಬಹುದಾ?" ಅಂತ ತಲೆ ತಗ್ಗಿಸಿಕೊಂಡು ಕೇಳುತ್ತಾರೆ. ಖಂಡಿತ ಮುದ್ದಾಡಬಹುದು. ಅಪ್ಪಿಕೊಳ್ಳುವುದರಿಂದ, ಮುತ್ತು ಕೊಡುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಎಚ್‌ಐವಿಯಾಗಲಿ ಹೆಪಟೈಟಿಸ್ ಸಿಯಾಗಲಿ ಹರಡುವುದಿಲ್ಲ. ರೇಜರ್, ಬ್ಲೇಡು, ಉಗುರು ಕತ್ತರಿ, ಬ್ರಷ್ ಮಾತ್ರ ನಿಮ್ಮದೇ ಬೇರೆ ಇಟ್ಟುಕೊಳ್ಳಿ. ಹೆಪಟೈಟಿಸ್ ಬಿ ಇದ್ದರೆ ಮನೆಯವರಿಗೆಲ್ಲ ಲಸಿಕೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ.

ಇನ್ನು ಪೊಲೀಸರ ಭಯ. ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮಗೆ ಕೊಟ್ಟ ಹಕ್ಕು. ಕೇಸ್ ಈಗಾಗಲೇ ಆಗಿದ್ದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಬಗ್ಗೆ ವಕೀಲರನ್ನು ಕೇಳಿ. ಎನ್‌ಡಿಪಿಎಸ್ ಅಂದರೆ ಮಾದಕ ವಸ್ತುಗಳ ಮೇಲಿನ 1985ರ ಕಾಯ್ದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸ್ ಇರುವ ವ್ಯಸನಿ, ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಕಡೆ ತಾನಾಗಿ ಚಿಕಿತ್ಸೆಗೆ ಸೇರಿದರೆ ಆ ಕೇಸಿನ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾರಾಟದ ದೊಡ್ಡ ಕೇಸಿಗೆ ಇದು ಅನ್ವಯಿಸುವುದಿಲ್ಲ.

*ಇಲ್ಲಿ ಎಡವಬೇಡಿ:* ಗೋಡೆ ಮೇಲೆ, ಬಸ್ಸಿನ ಹಿಂದೆ "ತಿಳಿಯದಂತೆ ಊಟದಲ್ಲಿ ಬೆರೆಸಿ ಬಿಡಿಸುತ್ತೇವೆ" ಅನ್ನುವ ಜಾಹೀರಾತು ಇರುತ್ತವಲ್ಲ, ಅವನ್ನು ನಂಬಬೇಡಿ. ಯಾವ ಔಷಧಿ, ಎಷ್ಟು ಅಂತ ಗೊತ್ತಿಲ್ಲದೆ ಕೊಟ್ಟದ್ದು ಜೀವ ತೆಗೆಯಬಹುದು. ಖಾಸಗಿ ಕೇಂದ್ರಕ್ಕೆ ಸೇರುವುದಾದರೆ ಮೂರು ಪ್ರಶ್ನೆ ಕೇಳಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯಾ? ಮನೋವೈದ್ಯರು ಯಾವ ದಿನ ಬರುತ್ತಾರೆ? ಮಗುವಿನ ಜೊತೆ ಫೋನಿನಲ್ಲಿ ಮಾತಾಡಲು ಬಿಡುತ್ತೀರಾ? "ಮೂರು ತಿಂಗಳು ಯಾರ ಜೊತೆಯೂ ಮಾತಿಲ್ಲ" ಅಂದರೆ ಎದ್ದು ಬನ್ನಿ. ಸರಪಳಿ ಹಾಕುವುದು ಕಾನೂನಿನಲ್ಲಿ ನಿಷಿದ್ಧ.

ಹಂತ 3: ಹೊರಡುವ ಮುಂಚೆ ಮಗುವಿಗೆ ಹೇಳಿ

ಎಲ್ಲರೂ ತಪ್ಪುವ ಹಂತ ಇದು. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಆಸ್ಪತ್ರೆಗೆ ಸೇರುವಾಗ ಮನೆಯಲ್ಲಿ ಒಂದು ಸುಳ್ಳು ಸಿದ್ಧವಾಗುತ್ತದೆ. "ಅಪ್ಪ ದುಬೈಗೆ ಹೋಗಿದ್ದಾರೆ", "ಅಪ್ಪ ಊರಿಗೆ ಹೋಗಿದ್ದಾರೆ". ಮಗು ನಂಬುವುದಿಲ್ಲ. ಅದು ನಿಮ್ಮ ಜಗಳ ಕೇಳಿದೆ, ಬಾತ್‌ರೂಮಿನಲ್ಲಿ ನೀವು ಎಷ್ಟು ಹೊತ್ತು ಇರುತ್ತೀರಿ ಅಂತ ನೋಡಿದೆ. ಯಾರೂ ಏನೂ ಹೇಳದಿದ್ದರೆ ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ. ಆ ಕಾರಣ ಹೆಚ್ಚಾಗಿ ತಾನೇ ಆಗಿರುತ್ತದೆ. ಒಬ್ಬ ಏಳು ವರ್ಷದ ಹುಡುಗಿ ನನ್ನ ಹತ್ತಿರ ಹೇಳಿದ್ದು: "ನಾನು ಗಣಿತದಲ್ಲಿ ಕಮ್ಮಿ ತಗೊಂಡೆ, ಅದಕ್ಕೆ ಅಪ್ಪ ಹೋಗ್ಬಿಟ್ರು."

ಹೇಳುವಾಗ ಮೂರು ವಿಷಯ ಬಿಡಬೇಡಿ. ನನಗೆ ಕಾಯಿಲೆ ಇದೆ. ಅದು ನಿನ್ನಿಂದ ಬಂದಿಲ್ಲ. ಅದನ್ನು ವಾಸಿ ಮಾಡುವುದು ನಿನ್ನ ಕೆಲಸ ಅಲ್ಲ, ಅದಕ್ಕೆ ಡಾಕ್ಟರ್ ಇದ್ದಾರೆ.

ಮೂರು ವರ್ಷದೊಳಗಿನ ಮಗುವಿಗೆ ಮಾತು ಬೇಕಿಲ್ಲ. ಹೊತ್ತು ಹೊತ್ತಿಗೆ ಊಟ, ಸ್ನಾನ, ನಿದ್ರೆ ತಪ್ಪದಿರಲಿ. ನೀವು ಹೊದೆಯುವ ಟವೆಲ್ಲೋ ಲುಂಗಿಯೋ ಅದರ ಹಾಸಿಗೆಯಲ್ಲಿರಲಿ. ವಾಸನೆ ಅದಕ್ಕೆ ಗೊತ್ತಾಗುತ್ತದೆ.

ನಾಲ್ಕರಿಂದ ಏಳರವರೆಗಿನ ಮಗುವಿಗೆ ಹೀಗೆ ಹೇಳಿ: "ಪುಟ್ಟಾ, ಅಪ್ಪಂಗೆ ಹುಷಾರಿಲ್ಲ. ಅದಕ್ಕೇ ಅಪ್ಪ ಸುಮ್‌ಸುಮ್ನೆ ಕೂಗಾಡ್ತಿದ್ದಿದ್ದು. ನೀನೇನೂ ತಪ್ಪು ಮಾಡಿಲ್ಲ. ಆಸ್ಪತ್ರೇಲಿ ಸ್ವಲ್ಪ ದಿನ ಇರ್ತೀನಿ. ಭಾನುವಾರ ಸಾಯಂಕಾಲ ಫೋನ್ ಮಾಡ್ತೀನಿ." ಫೋನ್ ಮಾಡಲು ಆಗುತ್ತದೆ ಅಂತ ಆಸ್ಪತ್ರೆಯಲ್ಲಿ ಕೇಳಿ ಖಾತ್ರಿ ಮಾಡಿಕೊಂಡೇ ಹೇಳಿ.

ಎಂಟರಿಂದ ಹನ್ನೆರಡರವರೆಗಿನ ಮಕ್ಕಳಿಗೆ ವಿಷಯವನ್ನು ನೇರವಾಗಿಯೇ ಹೇಳಬಹುದು. "ಒಂದು ಕೆಟ್ಟ ಪದಾರ್ಥ ಇದೆ. ತಗೊಂಡೂ ತಗೊಂಡೂ ಅದು ಇಲ್ದೇ ಇರೋಕಾಗ್ದೇ ಇರೋ ಹಾಗಾಗಿದೆ. ಅದನ್ನ ಬಿಡೋಕೆ ಔಷಧಿ ತಗೊಳ್ತಿದ್ದೀನಿ." ಸ್ಕೂಲಲ್ಲಿ ಯಾರಾದರೂ ಕೇಳಿದರೆ ಏನು ಹೇಳಬೇಕು ಅಂತಲೂ ಕಲಿಸಿ. "ಅಪ್ಪಂಗೆ ಹುಷಾರಿಲ್ಲ, ಆಸ್ಪತ್ರೇಲಿದ್ದಾರೆ." ಅಷ್ಟು ಸಾಕು. ಅದು ಸುಳ್ಳೂ ಅಲ್ಲ.

ಹದಿಹರೆಯದ ಮಕ್ಕಳ ಮುಂದೆ ಭಾಷಣ ಬೇಡ. ಅವರು ಬೈಯಬಹುದು, ಎದ್ದು ಹೋಗಬಹುದು. ಬೈಯಲು ಬಿಡಿ. "ನೀನು ಹೇಳೋದು ನಿಜ. ಹಾಗಾಗಿದೆ" ಅನ್ನಿ. "ನೀನೂ ಇದನ್ನ ಮುಟ್ಬೇಡ" ಅನ್ನುವ ಬುದ್ಧಿಮಾತನ್ನು ಆ ದಿನ ಹೇಳಬೇಡಿ. ಕೆಲವು ವಾರ ಬಿಟ್ಟು ಅವರೇ ಏನಾದರೂ ಕೇಳುತ್ತಾರೆ. ಆಗ ಉಳಿದದ್ದನ್ನು ಮಾತಾಡಬಹುದು.

*ಇಲ್ಲಿ ಎಡವಬೇಡಿ:* ಅಳುತ್ತಾ ಹೇಳಬೇಡಿ. ಅಪ್ಪ ಅತ್ತರೆ ಮಗು ಸಮಾಧಾನ ಮಾಡಲು ನಿಲ್ಲುತ್ತದೆ. ಆ ಭಾರ ಅದರ ತಲೆಗೆ ಬೇಡ. ಅಳು ಬಂದರೆ ಮೊದಲು ಅಕ್ಕನ ಹತ್ತಿರವೋ ಗೆಳೆಯನ ಹತ್ತಿರವೋ ಅತ್ತು ಬನ್ನಿ.

ಹಂತ 4: ದಿನಕ್ಕೆ 20 ನಿಮಿಷ, ಅದೇ ಹೊತ್ತು, ಅದೇ ಜಾಗ

ವಾಪಸ್ ಬಂದ ಮೇಲೆ ಎಲ್ಲರಿಗೂ ಒಂದೇ ಆತುರ. ಕಳೆದ ಎರಡು ವರ್ಷವನ್ನು ಒಂದೇ ಭಾನುವಾರದಲ್ಲಿ ತುಂಬಿಕೊಡಬೇಕು. ಮಾಲ್, ಐಸ್‌ಕ್ರೀಂ, ಸಿನಿಮಾ, ಹೊಸ ಸೈಕಲ್. ಮುಂದಿನ ಭಾನುವಾರ ಮೈ ಸರಿ ಇರುವುದಿಲ್ಲ, ದುಡ್ಡೂ ಇರುವುದಿಲ್ಲ. ಮಗು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಕಾಯುತ್ತದೆ.

ಬದಲಿಗೆ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ದಿನಾ ಸಂಜೆ 7ಕ್ಕೆ ಜೊತೆಗೆ ಕೂತು ಮಗ್ಗಿ ಹೇಳಿಸುವುದು. ಬೆಳಿಗ್ಗೆ ಸ್ಕೂಲ್ ವ್ಯಾನಿನ ತನಕ ಕೈ ಹಿಡಿದುಕೊಂಡು ನಡೆಯುವುದು. ರಾತ್ರಿ ಒಂದು ಕಥೆ. ಮಗಳ ಕೂದಲಿಗೆ ಎಣ್ಣೆ ಹಚ್ಚಿ ಜಡೆ ಹಾಕುವುದು. ಜಡೆ ಹಾಕಲು ಬಾರದಿದ್ದರೆ ಅವಳೇ ಕಲಿಸುತ್ತಾಳೆ, ಅದಕ್ಕೆ ಅವಳಿಗೆ ಬಹಳ ಖುಷಿ. ಅಷ್ಟು ಹೊತ್ತೂ ಫೋನ್ ಬೇರೆ ಕೋಣೆಯಲ್ಲಿರಲಿ.

ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಒಂದು ಗೆರೆ ಎಳೆಯಿರಿ. ತಪ್ಪಿದ ದಿನ ಖಾಲಿ ಬಿಡಿ. ತಿಂಗಳ ಕೊನೆಗೆ 30ರಲ್ಲಿ 19 ಗೆರೆ ಇದ್ದರೆ ಮುಂದಿನ ತಿಂಗಳು 22ಕ್ಕೆ ನೋಡಿ. ಮೊದಲ ವಾರಗಳಲ್ಲಿ ಮಗು ಹತ್ತಿರ ಬರದೇ ಇರಬಹುದು. ಅಮ್ಮನ ಸೆರಗು ಹಿಡಿದುಕೊಂಡು ನಿಲ್ಲಬಹುದು. ಎಳೆಯಬೇಡಿ. ನೀವು ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಕೂತಿರಿ. ಅದು ಬರದಿದ್ದರೂ ಆ ದಿನದ ಗೆರೆ ಎಳೆಯಬಹುದು.

ಹಂತ 5: ಆಣೆ ಬೇಡ, ಕ್ಷಮೆಗೆ ಅವಸರ ಬೇಡ, ತೆಗೆದದ್ದನ್ನು ವಾಪಸ್ ಇಡಿ

"ಮಗು ತಲೆ ಮುಟ್ಟಿ ಆಣೆ ಮಾಡು." ನಮ್ಮ ಕಡೆ ಎಷ್ಟು ಮನೆಗಳಲ್ಲಿ ಈ ಮಾತು ಬರುತ್ತದೆ ಅಂತ ಲೆಕ್ಕ ಇಲ್ಲ. ಮನೆಯವರು ಬೇರೆ ದಾರಿ ಕಾಣದೆ ಹೇಳುತ್ತಾರೆ. ಅವರ ಸಂಕಟ ನನಗೆ ಅರ್ಥ ಆಗುತ್ತದೆ. ಆದರೂ ಕೈ ಮುಗಿದು ಕೇಳುತ್ತೇನೆ, ಇದನ್ನು ಮಾಡಿಸಬೇಡಿ, ಮಾಡಬೇಡಿ.

ಮಗುವಿನ ಜಾಗದಲ್ಲಿ ನಿಂತು ನೋಡಿ. ಅಪ್ಪ ನನ್ನ ತಲೆ ಮೇಲೆ ಕೈ ಇಟ್ಟು ಹೇಳಿದ್ದಾರೆ. ಅಪ್ಪ ಮತ್ತೆ ತೆಗೆದುಕೊಂಡರೆ ನನಗೆ ಏನೋ ಆಗುತ್ತದೆ. ಅಪ್ಪ ಜಾರಿದ ದಿನ ಆ ಮಗುವಿಗೆ ಜ್ವರ ಬಂದರೆ ಮನೆಯವರೇ "ನೋಡು, ಆಣೆ ತಪ್ಪಿದ್ದಕ್ಕೇ" ಅನ್ನುತ್ತಾರೆ. ಅಪ್ಪನಿಗೂ ಒಳ್ಳೆಯದಾಗುವುದಿಲ್ಲ. ಆಣೆ ಮುರಿದ ಮೇಲೆ "ಇನ್ನೇನು ಉಳೀತು" ಅಂತ ಪೂರ್ತಿ ಕೈ ಬಿಡುತ್ತಾನೆ. ಒಂದು ದಿನ ಜಾರಿದ್ದು ಒಂದು ತಿಂಗಳಾಗುತ್ತದೆ. ದೇವರ ಮುಂದೆ ಏನಾದರೂ ಹೇಳಿಕೊಳ್ಳಬೇಕು ಅನಿಸಿದರೆ ಮಗುವನ್ನು ಪಕ್ಕಕ್ಕಿಟ್ಟು ಒಬ್ಬರೇ ಹೋಗಿ ಹೇಳಿಕೊಳ್ಳಿ.

ಯಾರಾದರೂ ಮಾತು ಕೇಳಿದರೆ ಹೀಗೆ ಹೇಳಬಹುದು: "ಗುರುವಾರ ಡಾಕ್ಟರ್ ಹತ್ರ ಹೋಗ್ತೀನಿ. ಇವತ್ತು ಸಾಯಂಕಾಲ ಏಳಕ್ಕೆ ಮನೇಲಿರ್ತೀನಿ."

ಕ್ಷಮೆಯ ವಿಷಯವೂ ಹಾಗೇ. "ತಪ್ಪಾಯ್ತು ಕಂದಾ" ಅಂತ ಒಂದು ಸಲ ಹೇಳಿ. "ಕ್ಷಮಿಸಿದ್ದೀನಿ ಅನ್ನು" ಅಂತ ಕೇಳಬೇಡಿ. ಅದು ಮಗು ತಾನಾಗಿ ಕೊಡಬೇಕಾದದ್ದು. ಯಾವಾಗ ಕೊಡುತ್ತದೋ ಅದಕ್ಕೇ ಗೊತ್ತು.

ದುಡ್ಡಿನ ವಿಷಯ ಮಾತ್ರ ಸ್ಪಷ್ಟವಾಗಿರಲಿ. ನಶೆಗಾಗಿ ಮಗುವಿನ ಹುಂಡಿ ಒಡೆದವರಿದ್ದಾರೆ. ಕಾಲ್ಗೆಜ್ಜೆ, ಉಡಿದಾರ ಅಡ ಇಟ್ಟವರಿದ್ದಾರೆ. ನೀವೂ ತೆಗೆದಿದ್ದರೆ ಪಟ್ಟಿ ಮಾಡಿ. ಹೊಸ ಹುಂಡಿ ತಂದು, ವಾರಕ್ಕೆ 50 ರೂಪಾಯಿಯೋ 100 ರೂಪಾಯಿಯೋ, ಮಗುವಿನ ಎದುರೇ ಹಾಕಿ. ಅಡ ಇಟ್ಟ ರಸೀದಿ ಇದ್ದರೆ ಹೆಂಡತಿಯ ಕೈಗೆ ಕೊಡಿ. ಮೊದಲ ಕೆಲವು ತಿಂಗಳು ಸಂಬಳ ಮನೆಯವರ ಖಾತೆಗೆ ಹೋಗಲಿ. ನಿಮ್ಮ ಫೋನಿನ ಯುಪಿಐ ಖಾತೆಯಲ್ಲಿ ಬಸ್ಸಿಗೆ, ಟೀಗೆ ಆಗುವಷ್ಟು ಮಾತ್ರ ಇರಲಿ. ಜೇಬಿನಲ್ಲಿ ದುಡ್ಡು, ಪೆಡ್ಲರ್ ನಂಬರು ಎರಡೂ ಇದ್ದ ಸಂಜೆ ಬಹಳ ಕಷ್ಟ. ಪೆಡ್ಲರ್ ಅಂದರೆ ಮಾಲು ತಂದುಕೊಡುವವನು. ಆ ನಂಬರನ್ನು ಅಳಿಸಿ, ಸಿಮ್ಮನ್ನೂ ಬದಲಾಯಿಸಿ.

ಹಂತ 6: ಮಗುವಿನ ತಾಯಿಯ ಜೊತೆ

ನೀವು ಇಲ್ಲದಿದ್ದಾಗ ಮನೆ ನಡೆಸಿದ್ದು ಅವರು. ಈಗ ನೀವು ಬಂದು "ಅವನನ್ನ ಹೀಗ್ಯಾಕೆ ಬೆಳೆಸಿದ್ದೀಯ" ಅಂದರೆ ಅಲ್ಲಿಗೆ ಮುಗಿಯಿತು. ಮೊದಲ ಮೂರು ತಿಂಗಳು ಅವರ ನಿಯಮಗಳೇ ನಡೆಯಲಿ. ಅವರು ನಿಮ್ಮ ಬ್ಯಾಗ್ ನೋಡುತ್ತಾರೆ, ಕಣ್ಣು ನೋಡುತ್ತಾರೆ, ಐದು ನಿಮಿಷ ತಡವಾದರೆ ಫೋನ್ ಮಾಡುತ್ತಾರೆ. ಸಿಟ್ಟು ಬರುತ್ತದೆ. ಆದರೆ ಅವರು ಎಷ್ಟೋ ಸಲ ಸುಳ್ಳು ಕೇಳಿದ್ದಾರೆ ಅನ್ನುವುದೂ ನಿಜ ಅಲ್ವಾ?

ಮೂತ್ರ ಪರೀಕ್ಷೆಯ ವರದಿಯನ್ನು ನೀವಾಗಿಯೇ ತಂದು ತೋರಿಸಿ. ಕುಟುಂಬದವರ ಜೊತೆ ಮಾತಾಡುವ ದಿನ ಆಸ್ಪತ್ರೆಗೆ ಅವರನ್ನೂ ಕರೆದುಕೊಂಡು ಹೋಗಿ. ಕೈ ಎತ್ತಿದ್ದು ಒಂದು ಸಲ ಆದರೂ ಇದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ನಶೆ ಬಿಟ್ಟ ಕೂಡಲೇ ಅದೂ ತಾನಾಗಿ ಹೋಗುತ್ತದೆ ಅಂದುಕೊಳ್ಳಬೇಡಿ. ಅದಕ್ಕೆ ಬೇರೆಯೇ ಕೆಲಸ ಬೇಕು.

ಇದನ್ನು ಓದುತ್ತಿರುವ ತಾಯಂದಿರಿಗೆ ಒಂದು ಮಾತು. ಇಲ್ಲಿ ಬರೆದದ್ದನ್ನು ಅವರ ಕೈಯಲ್ಲಿ ಮಾಡಿಸುವ ಜವಾಬ್ದಾರಿ ನಿಮ್ಮದಲ್ಲ. ಹೊಡೆತ, ಬೆದರಿಕೆ ಇದ್ದರೆ ಮಗುವನ್ನು ಕರೆದುಕೊಂಡು ತವರಿಗೋ ಸುರಕ್ಷಿತ ಅನಿಸಿದ ಕಡೆಗೋ ಹೋಗಿ. 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಮಗುವಿಗೆ ತೊಂದರೆ ಇದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಹಂತ 7: ಜಾರಿದರೆ ಏನು ಮಾಡಬೇಕು ಅಂತ ಈಗಲೇ ಬರೆದಿಡಿ

"ಜಾರಲ್ಲ" ಅಂತ ನೀವು ಹೇಳುತ್ತೀರಿ. ಹಾಗೇ ಆಗಲಿ. ಆದರೂ ಮೈ ಮನಸ್ಸು ನೆಟ್ಟಗಿರುವ ದಿನ ಕೂತು ಇದನ್ನು ಬರೆಯಿರಿ. ಜಾರಿದ ರಾತ್ರಿ ಯೋಚನೆ ಓಡುವುದಿಲ್ಲ.

ಮೊದಲ ಸಾಲಿನಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತ ಇರಲಿ. ಎರಡನೆಯದರಲ್ಲಿ ಆ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ. ತಮ್ಮನ ಮನೆ ಇರಬಹುದು, ಅಪ್ಪ ಅಮ್ಮನ ಮನೆ ಇರಬಹುದು. ಅಮಲು ಇಳಿಯುವವರೆಗೆ ಮಗುವಿನ ಎದುರು ಬರಬೇಡಿ. ಮೂರನೆಯದರಲ್ಲಿ ಮಾರನೇ ದಿನ ಬೆಳಿಗ್ಗೆ ಯಾವ ಡಾಕ್ಟರ್ ಹತ್ತಿರ ಹೋಗುತ್ತೀರಿ ಅಂತ. ನಾಲ್ಕನೆಯದರಲ್ಲಿ ಮಗುವಿಗೆ ಏನು ಹೇಳುತ್ತೀರಿ ಅಂತ: "ಅಪ್ಪಂಗೆ ಮತ್ತೆ ಹುಷಾರು ತಪ್ಪಿತ್ತು. ಡಾಕ್ಟರ್ ಹತ್ರ ಹೋಗ್ಬಂದೆ."

ಮಾಯವಾಗುವುದು ಬೇಡ. ನಾಚಿಕೆಯಿಂದ ಹದಿನೈದು ದಿನ ಮನೆಗೆ ಬರದೇ ಇರುವ ಅಪ್ಪಂದಿರನ್ನು ತುಂಬಾ ನೋಡಿದ್ದೇನೆ. ಒಂದು ರಾತ್ರಿ ತಪ್ಪಿದ್ದು ಮಗುವಿಗೆ ನೆನಪಿರುವುದಿಲ್ಲ. ಹದಿನೈದು ದಿನ ಬರದಿದ್ದದ್ದು ನೆನಪಿರುತ್ತದೆ.

ಜೀವಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆ. ಕೆಲವು ವಾರ ಬಿಟ್ಟ ಮೇಲೆ ದೇಹದ ತಾಳಿಕೆ ಇಳಿದಿರುತ್ತದೆ. ಮುಂಚೆ ತೆಗೆದುಕೊಳ್ಳುತ್ತಿದ್ದಷ್ಟನ್ನೇ ಈಗ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಆಸ್ಪತ್ರೆಯಿಂದ, ಜೈಲಿನಿಂದ ಹೊರಗೆ ಬಂದ ಮೊದಲ ವಾರಗಳಲ್ಲಿ ಈ ಅಪಾಯ ಅತಿ ಜಾಸ್ತಿ. ಕರೆದರೂ ಏಳುತ್ತಿಲ್ಲ, ತುಟಿ ನೀಲಿ ಆಗಿದೆ, ಉಸಿರು ನಿಧಾನ ಆಗಿದೆ ಅಂದರೆ ಮಗ್ಗುಲಾಗಿ ಮಲಗಿಸಿ ಕೂಡಲೇ 108ಕ್ಕೆ ಕರೆ ಮಾಡಬೇಕು. "ಮಲಗಿ ಏಳಲಿ" ಅಂತ ಬಿಡಬಾರದು. ಮನೆಯ ದೊಡ್ಡವರಿಗೆಲ್ಲ ಇದು ಗೊತ್ತಿರಲಿ.

*ಇಲ್ಲಿ ಎಡವಬೇಡಿ:* "ಪೌಡರ್ ಬಿಟ್ಟೆ, ಬರೀ ಬಿಯರ್ ಅಷ್ಟೇ." ಈ ಬಾಗಿಲಿನಿಂದ ಹಿಂದಕ್ಕೆ ಹೋದವರು ಬಹಳ ಜನ. ಡಾಕ್ಟರಿಗೆ ಮುಚ್ಚಿಡದೆ ಹೇಳಿ.

ಹಂತ 8: ಮಗು ನಿಮ್ಮ ಜೊತೆ ಇಲ್ಲದಿದ್ದರೆ

ಹೆಂಡತಿ ತವರಿಗೆ ಹೋಗಿದ್ದಾರೆ, ಅಥವಾ ಡೈವೋರ್ಸ್ ಆಗಿದೆ. ಮಗುವಿನ ವಿಷಯದಲ್ಲಿ ಕೋರ್ಟು ಮೊದಲು ನೋಡುವುದು ಮಗುವಿನ ಒಳಿತನ್ನು. ಅಪ್ಪನ ಹಕ್ಕು ಆಮೇಲೆ ಬರುತ್ತದೆ. ಹಾಗಾಗಿ ಚಿಕಿತ್ಸೆಯ ಚೀಟಿ, ಪರೀಕ್ಷೆ ವರದಿ, ಕೆಲಸದ ಸಂಬಳ ಚೀಟಿ ಎಲ್ಲವನ್ನೂ ಒಂದು ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿಡಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಇನ್ನೊಬ್ಬರ ಎದುರಿನಲ್ಲಿ ಭೇಟಿ ಮಾಡಲು ಮಾತ್ರ ಅವಕಾಶ ಸಿಕ್ಕರೆ ಅವಮಾನ ಅಂದುಕೊಳ್ಳದೆ ಒಪ್ಪಿಕೊಳ್ಳಿ. ಎಷ್ಟೋ ಅಪ್ಪಂದಿರು ಅಲ್ಲಿಂದಲೇ ಶುರು ಮಾಡಿದ್ದಾರೆ.

ಹೇಳದೆ ಕೇಳದೆ ಸ್ಕೂಲ್ ಗೇಟಿಗೆ ಹೋಗಿ ನಿಲ್ಲಬೇಡಿ. ಮಗುವನ್ನು ಎತ್ತಿಕೊಂಡು ಬರುವುದಂತೂ ಬೇಡವೇ ಬೇಡ. "ಅಮ್ಮಂಗೆ ಹೇಳು" ಅಂತ ಮಗುವಿನ ಬಾಯಲ್ಲಿ ಸಂದೇಶ ಕಳಿಸಬೇಡಿ. "ಅಮ್ಮನ ಮನೆಗೆ ಯಾರು ಬರ್ತಾರೆ?" ಅಂತ ವಿಚಾರಿಸಬೇಡಿ.

ಭೇಟಿ ಇಲ್ಲದಿದ್ದರೂ ಪತ್ರ ಬರೆಯಬಹುದು. ವಾರಕ್ಕೆ ಒಂದು, ಒಂದೇ ಪುಟ. ಅದರಲ್ಲಿ ನಿಮ್ಮ ಕಷ್ಟ ಬೇಡ, ಅಮ್ಮನ ಮೇಲಿನ ದೂರು ಬೇಡ. ನೀವು ಕಂಡ ನಾಯಿಮರಿ, ಕೆಲಸದ ಕಡೆ ತಿಂದ ಮಾವಿನಹಣ್ಣು, ಮಗು ಚಿಕ್ಕದಿದ್ದಾಗ ಹೇಳುತ್ತಿದ್ದ ಒಂದು ತೊದಲು ಪದ, ಇಂಥದ್ದು ಸಾಕು. ಕಳಿಸಬಹುದಾ ಅಂತ ತಾಯಿಯನ್ನು ಮೊದಲು ಕೇಳಿ. ಸದ್ಯಕ್ಕೆ ಬೇಡ ಅಂದರೆ ಬರೆದು, ಮೇಲೆ ತಾರೀಖು ಹಾಕಿ, ಅದೇ ಫೈಲಿನ ಹಿಂದುಗಡೆ ಇಡುತ್ತಾ ಹೋಗಿ. ಮಗು ದೊಡ್ಡದಾಗಿ "ನೀನು ಆಗ ಎಲ್ಲಿದ್ದೆ?" ಅಂತ ಕೇಳಿದ ದಿನ ಆ ಕಟ್ಟನ್ನು ಕೈಗೆ ಕೊಡಬಹುದು.